ಒಲ್ಲೆ ಎನ್ನಲು ಕಲಿಸಿದ ವಕೀಲರು

"ಅವರು ನಮ್ಮ ಸಂಶೋಧನೆಗೆ ಸದಾ ಸಹಕಾರ ನೀಡಿದರು. ಬಹಳ ಮೃದು ಸ್ವಭಾವದವರಾಗಿದ್ದರು."

ಹೋದ ವಾರ ವಕೀಲರ ಶ್ರದ್ಧಾಂಜಲಿ ಸಭೆಯಲ್ಲಿ ಡಾಕ್ಟರು ಮೈಕ್ ಹಿಡಿದು ಹೀಗೆ ಅಂದಾಗ ನಾನು ಕುರ್ಚಿಯಿಂದ ಅರ್ಧ ಎದ್ದಿದ್ದೆ. ಪಕ್ಕದಲ್ಲಿ ಕೂತಿದ್ದ ನಮ್ಮ ಸೋದರಮಾವ ಮೊಣಕೈ ಹಿಡಿದು ಕೆಳಗೆ ಎಳೆದ.

"ಸುಮ್ನ ಕುಂಡ್ರ ಬೇ. ಸತ್ತವರ ಫೋಟೋದ ಮುಂದ ಜಗಳ ತಗೀತಾರೇನು?"

"ಸುಳ್ಳ ಹೇಳಾಕತ್ತಾನ ಮಾಮಾ."

"ಹೇಳ್ಲಿ. ಫೋಟೋದಾಗಿನವ್ರು ಕೇಳಾಕತ್ತಾರ."

ನಾನು ಕೂತೆ, ಸಿಟ್ಟು ಕೂರಲಿಲ್ಲ. ಮೃದುವಂತೆ! ಆ ಮನುಷ್ಯನಲ್ಲಿ ಮೃದುವಾಗಿದ್ದದ್ದು ವಸಡು ಒಂದೇ, ಅದೂ ಹಲ್ಲು ಬಿದ್ದ ಮೇಲೆ. ಸಹಕಾರವಂತೆ! ಅವರು ಯಾರಿಗಾದರೂ ಸಹಕಾರ ಕೊಟ್ಟಿದ್ದನ್ನು ನಾನಂತೂ ನೋಡಿಲ್ಲ. ಮನೆಯಲ್ಲಿ ಹೆಂಡತಿ ಚಹಾ ಕುಡೀರಿ ಅಂದರೆ ಮೊದಲು ಒಲ್ಲೆ ಅಂದು ಆಮೇಲೆ ಕುಡಿಯುವ ಜಾತಿ. ಜೀವಂತ ಇದ್ದಾಗ ಯಾರ ಬಾಯಿ ಮುಚ್ಚಿಸಲು ಆಗಲಿಲ್ಲವೋ, ಅವರ ಬಾಯಿಗೆ ಸತ್ತ ಮೇಲೆ ಹೂವಿನ ಹಾರ ತುರುಕುತ್ತಿದ್ದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾನು ಬರಹಗಾರ್ತಿಯಲ್ಲ. ಮುಧೋಳದಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಝೆರಾಕ್ಸ್ ಅಂಗಡಿ ನಡೆಸುತ್ತೇನೆ. ಮಾತಾಡಿದ ಹಾಗೇ ಟೈಪ್ ಮಾಡುತ್ತಿದ್ದೇನೆ, ತಪ್ಪಿದ್ದರೆ ಇರಲಿ.

ವಕೀಲರ ಪರಿಚಯವಾದದ್ದು ಅಂಗಡಿಯಲ್ಲೇ. ಕಪ್ಪು ಕೋಟಿಗೆ ಮೇಲಿನ ಗುಂಡಿ ಇರಲಿಲ್ಲ, ಅಲ್ಲಿ ಒಂದು ಸೇಫ್ಟಿ ಪಿನ್ನು. ಹಳೇ ಮೊಪೆಡ್ ಅಂಗಡಿಯ ಬಾಗಿಲಿಗೆ ಅಡ್ಡ ನಿಲ್ಲಿಸಿ, ಗಿರಾಕಿಗಳು ಬೈದರೆ ಅವರಿಗೇ ತಿರುಗಿ ಬೈದು ಒಳಗೆ ಬರುತ್ತಿದ್ದರು. ಹೊಳೆ ಹಿನ್ನೀರಿನಲ್ಲಿ ಮುಳುಗಿದ ಊರುಗಳ ಕೇಸು ನಡೆಸಿ, ಅದರಲ್ಲಿ ಹೆಚ್ಚಿನವನ್ನು ಸೋತು, ಸೋತದ್ದನ್ನು ಗೆದ್ದವರ ಹಾಗೆ ಹೇಳಿಕೊಳ್ಳುವ ಮನುಷ್ಯ. ಒಮ್ಮೆ ಅವರ ಹಾಳೆಗಳನ್ನು ಮಷೀನಿಗೆ ಹಾಕುತ್ತ ನಾನು ಓರೆಗಣ್ಣಲ್ಲಿ ಓದುತ್ತಿದ್ದೆ.

"ಏ ತಂಗಿ, ಓದೂದಾದ್ರ ನೆಟ್ಟಗ ಹಿಡಕೊಂಡ ಓದ. ಕಳ್ಳರಂಗ ಓದಬ್ಯಾಡ."

"ಇದು ಏನ್ರಿ ಸಾಹೇಬ್ರ?"

"ಮನಷ್ಯಾರ ಮ್ಯಾಲೆ ಔಷಧ ಪರೀಕ್ಷಾ ಮಾಡೂ ಕಾಯದೆ. ಇಲಿ ಮ್ಯಾಲೆ ಮಾಡೂದಕ್ಕೂ ಒಂದ ಐತಿ. ನಿನಗ ಯಾವ್ದು ಬೇಕ?"

"ಎರಡೂ ಕೊಡ್ರಿ."

ಅವರು ಕನ್ನಡಕ ಮೇಲೆತ್ತಿ ನೋಡಿದರು. ನಾನು ಡಿಗ್ರಿ ಅರ್ಧಕ್ಕೆ ಬಿಟ್ಟವಳು. ಆದರೆ ಯಾವುದಾದರೂ ವಿಷಯ ತಲೆಗೆ ಹತ್ತಿದರೆ ಬಿಡುವುದಿಲ್ಲ. ಅವತ್ತಿನಿಂದ ಈ ಕಾಯಿದೆ ನನ್ನ ತಲೆಗೆ ಹತ್ತಿತು. ಮೊಬೈಲಿನಲ್ಲಿ ಹುಡುಕಿ ಹುಡುಕಿ ಓದಿದೆ. ಅರ್ಥವಾಗದ್ದಕ್ಕೆ ಗೆರೆ ಎಳೆದು, ವಕೀಲರು ಬಂದಾಗ ಮಷೀನು ನಿಲ್ಲಿಸಿ ಕೇಳುತ್ತಿದ್ದೆ. ಗಿರಾಕಿಗಳು ಕಾಯುತ್ತಿದ್ದರು, ಕಾಯಲಿ.

ಈ ದೇಶದಲ್ಲಿ ಮನುಷ್ಯರ ಮೇಲೆ ಹೊಸ ಔಷಧಿ ಪರೀಕ್ಷಿಸಲು ಡಾಕ್ಟರಿಗೆ ಮನಸ್ಸು ಬಂದರೆ ಸಾಲದು. ದಿಲ್ಲಿಯ ಪರವಾನಗಿ ಬೇಕು, ಆಸ್ಪತ್ರೆಯ ಎಥಿಕ್ಸ್ ಕಮಿಟಿ ಒಪ್ಪಬೇಕು. ಆ ಕಮಿಟಿಯಲ್ಲಿ ಬರೀ ಡಾಕ್ಟರುಗಳಿದ್ದರೆ ನಡೆಯುವುದಿಲ್ಲ. ಕಾನೂನು ಬಲ್ಲವರೊಬ್ಬರು, ಸಾಮಾನ್ಯ ಜನರ ಪೈಕಿ ಒಬ್ಬರು, ಹೆಣ್ಣುಮಕ್ಕಳೊಬ್ಬರಾದರೂ ಬೇಕು, ಅರ್ಧದಷ್ಟು ಜನ ಹೊರಗಿನವರಿರಬೇಕು. ಜಮಖಂಡಿ ಕಡೆಯ ಒಂದು ದೊಡ್ಡ ಆಸ್ಪತ್ರೆಯವರು (ಹೆಸರು ಬೇಡ) ಕಾನೂನು ಬಲ್ಲವರ ಕುರ್ಚಿಗೆ ನಮ್ಮ ವಕೀಲರನ್ನು ಹಾಕಿದ್ದರು. ಕೇಸು ಸೋಲುವ ಮುದುಕ, ಸುಮ್ಮನೆ ಸಹಿ ಹಾಕುತ್ತಾನೆ ಅಂದುಕೊಂಡಿರಬೇಕು.

ಅವರು ಯಾವುದನ್ನೂ ಸುಮ್ಮನೆ ಮಾಡಲಿಲ್ಲ.

ಮೀಟಿಂಗಿಗೆ ಸ್ಟೀಲ್ ಡಬ್ಬಿಯಲ್ಲಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಒಯ್ಯುತ್ತಿದ್ದರು. ಉಳಿದವರ ಮುಂದೆ ಗೋಡಂಬಿಯ ತಟ್ಟೆ, ಇವರ ಮುಂದೆ ರೊಟ್ಟಿ. ಡಾಕ್ಟರುಗಳು ಪರದೆಯ ಮೇಲೆ ಚಿತ್ರ ತೋರಿಸಿ ಮಾತಾಡುವಾಗ ಇವರು ರೊಟ್ಟಿ ಮುರಿಯುವ ಸದ್ದು. ಯಾಕ್ರಿ ಹಿಂಗ ಮಾಡ್ತೀರಿ ಅಂತ ನಾನೊಮ್ಮೆ ಕೇಳಿದೆ.

"ಅವರ ಗೋಡಂಬಿ ತಿಂದ್ರ ನನ್ನ ನಾಲಿಗಿ ಸವಿ ಆಕ್ಕೈತಿ ತಂಗಿ. ಅಲ್ಲಿ ನನ್ನ ಕೂಡ್ಸಿದ್ದು ಸವಿ ಮಾತಾಡಾಕ ಅಲ್ಲ."

ಅವರ ಇನ್ನೊಂದು ಆಯುಧ ಚಪ್ಪಲಿ. ಎಸೆಯುತ್ತಿರಲಿಲ್ಲ, ಆ ಆಸೆ ಬೇಡ. ಕಾನೂನು ಬಲ್ಲ ಸದಸ್ಯ ಎದ್ದು ಹೋದರೆ ಕೋರಂ ಮುರಿಯುತ್ತದೆ, ಆ ಮೀಟಿಂಗಿನ ಒಪ್ಪಿಗೆಗೆ ಬೆಲೆ ಇಲ್ಲ. ಇದು ಇವರಿಗೆ ಚೆನ್ನಾಗಿ ಗೊತ್ತಿತ್ತು. ಮಾತು ಕೇಳದಿದ್ದರೆ ಡಬ್ಬಿ ಮುಚ್ಚಿ ಎದ್ದು ಬಾಗಿಲ ಹೊರಗೆ ಹೋಗಿ, ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು, ಒಂದಕ್ಕೊಂದು ಫಟ್ ಫಟ್ ಎಂದು ಬಡಿದು ಧೂಳು ಝಾಡಿಸುತ್ತಿದ್ದರು. ಒಳಗಿನವರಿಗೆ ಕೇಳಲಿ ಅಂತಲೇ. ಆ ಸದ್ದು ಕೇಳಿದರೆ ಯಾರೋ ಒಬ್ಬರು ಓಡಿ ಬಂದು ಒಳಗೆ ಕರೆದುಕೊಂಡು ಹೋಗುತ್ತಿದ್ದರಂತೆ.

ಮುಧೋಳ ಕಡೆಯ ಒಂದು ಫಾರ್ಮಸಿ ಕಾಲೇಜಿನಲ್ಲಿ ಪ್ರಾಣಿಗಳ ಕಮಿಟಿಗೂ ಇವರು ಹೊರಗಿನ ಸದಸ್ಯ. ಪ್ರಾಣಿ ಹಿಂಸೆ ತಡೆಯುವ ಕಾಯಿದೆಯ ಕೆಳಗಿನ ಕಮಿಟಿ ಅದು. ಅದರಲ್ಲಿ 'ಸಾಮಾಜಿಕ ಕಾಳಜಿಯುಳ್ಳ' ಸದಸ್ಯ ಅಂತ ಒಬ್ಬರು ಇರಬೇಕು.

"ಅಂದ್ರ ಉಳಿದವ್ರಿಗೆ ಕಾಳಜಿ ಇಲ್ಲಂತ ಸರಕಾರನ ಬರದ ಕೊಟ್ಟೈತಿ ನೋಡ" ಅಂತ ನಗುತ್ತಿದ್ದರು.

ಏಪ್ರಿಲ್ ಬಿಸಿಲಲ್ಲಿ ಆ ಕಾಲೇಜಿನ ಮೊಲದ ಕೋಣೆ ನೋಡಲು ಹೋದರು. ತಗಡಿನ ಮಾಡು, ಫ್ಯಾನು ಕೆಟ್ಟಿತ್ತು. ಮೊಲಗಳು ಕಿವಿ ಚೆಲ್ಲಿ, ಬಾಯಿ ತೆರೆದು ಬಿದ್ದಿದ್ದವು. ಪ್ರಿನ್ಸಿಪಾಲರು ಬಾಗಿಲಲ್ಲೇ ನಿಂತು ವರದಿ ಓದಲು ಹೊರಟಾಗ ವಕೀಲರು ಅವರನ್ನು ಕೈಹಿಡಿದು ಒಳಗೆ ಎಳೆದುಕೊಂಡು ಬಾಗಿಲು ಹಾಕಿಬಿಟ್ಟರು. ಬೆನ್ನು ಬಾಗಿಲಿಗೆ ಕೊಟ್ಟು ನಿಂತರು.

"ಓದ್ರಿ ಈಗ. ಸಾವಕಾಶ ಓದ್ರಿ."

"ಸಾಹೇಬ್ರ, ಭಾಳ ಕುದಿ ಐತ್ರಿ ಇಲ್ಲಿ..."

"ಮನ್ಯಾಗ ಬ್ಯಾಟಿನಾಯಿಗೆ ಕೂಲರ್ ಹಚ್ಚಿ ಮಲಗಸ್ತೀರಿ, ಊರಿಗೆಲ್ಲ ಗೊತ್ತೈತಿ. ಮೊಲ ಏನ ಪಾಪ ಮಾಡ್ಯಾವ? ಅವಕ್ಕ ಬಾಯಿಲ್ಲ. ನನಗ ಐತಿ."

ವರದಿ ಮುಗಿಯುವ ಹೊತ್ತಿಗೆ ಪ್ರಿನ್ಸಿಪಾಲರ ಅಂಗಿ ಮೈಗೆ ಅಂಟಿತ್ತು, ವಕೀಲರದ್ದೂ. ಸಂಜೆಯೊಳಗೆ ಫ್ಯಾನು ಬಂತು, ಮಾಡಿಗೆ ಕಬ್ಬಿನ ಸೋಗೆ ಹೊದಿಸಿದರು. ವಕೀಲರು ಮಾತ್ರ ಜ್ವರ ಬಂದು ಮಲಗಿದರು. ಹೆಂಡತಿ ನನ್ನ ಅಂಗಡಿಗೆ ಬಂದು ಹೇಳಿದ್ದು: "ಮೊಲ ಉಳದ್ವು ನಮ್ಮವ್ವಾ, ಈ ಮುದಕ ಉಳಿಯೂ ಹಂಗ ಕಾಣಂಗಿಲ್ಲ."

ಇಷ್ಟೆಲ್ಲ ಕೇಳಿದಾಗ ನನಗೆ ನಗು ಬರುತ್ತಿತ್ತು. ಕಾಯಿದೆ ಅಂದರೆ ಒಂದು ಮೋಜಿನ ಜಗಳ ಅನ್ನಿಸುತ್ತಿತ್ತು. ಆಮೇಲೆ ಅದು ನಮ್ಮ ಮನೆಗೇ ಬಂತು.

ನಮ್ಮ ಸೋದರಮಾವ ಅನಗವಾಡಿಯವನು. ಕುರಿ ಹಿಂದೆ ನಡೆದೇ ಬದುಕಿದವನು. ಮಂಡಿ ನೋವು ಅವನಿಗೊಬ್ಬನಿಗೇ ಅಲ್ಲ, ಕುರಿ ಕಾಯುವ ಅವನ ಜೊತೆಗಾರರಿಗೆಲ್ಲ ಇತ್ತು. ಅದೇ ಆಸ್ಪತ್ರೆಯ ಡಾಕ್ಟರು, ಶ್ರದ್ಧಾಂಜಲಿ ಸಭೆಯಲ್ಲಿ ಮೈಕ್ ಹಿಡಿದ ಅದೇ ಡಾಕ್ಟರು, ಮಂಡಿ ನೋವಿಗೆ ಹೊಸ ಗುಳಿಗೆಯ ಪರೀಕ್ಷೆ ಹಿಡಿದು, ಕುರಿಯವರ ದೇವರಾದ ಬೀರಪ್ಪನ ಗುಡಿಗೆ ಬಂದಿದ್ದರು. ಎಲ್ಲ ಕಾಯಿದೆಯ ಪ್ರಕಾರ. ಕನ್ನಡದಲ್ಲಿ ಓದಿ ಹೇಳಿದರು, ಸಾಕ್ಷಿ ಕೂಡಿಸಿದರು, ಕ್ಯಾಮರಾ ಹಚ್ಚಿದರು. ಬೇಡ ಅನ್ನಿಸಿದರೆ ಯಾವಾಗ ಬೇಕಾದರೂ ಬಿಡಬಹುದು ಅಂದರು. ಜನ ಹೆಬ್ಬೆಟ್ಟು ಒತ್ತಿದರು.

ಆದರೆ ಡಾಕ್ಟರಿಗೆ ಒಂದು ಅಂಜಿಕೆ. ಕುರಿಯವರು ಇಂದು ಇಲ್ಲಿ, ನಾಳೆ ಇನ್ನೆಲ್ಲೋ. ಅರ್ಧಕ್ಕೆ ಬಿಟ್ಟರೆ ಪರೀಕ್ಷೆ ಹಾಳು. ಕ್ಯಾಮರಾ ಮುಚ್ಚಿದ ಮೇಲೆ ಯಾರೋ ಕಿವಿಯಲ್ಲಿ ಊದಿದ ಉಪಾಯವನ್ನು ಅವರು ಮಾಡಿದರು. ಬೀರಪ್ಪನ ಮುಂದಿನ ಭಂಡಾರವನ್ನು, ಆ ಅರಿಶಿನದ ಪುಡಿಯನ್ನು, ಒಬ್ಬೊಬ್ಬರ ಅಂಗೈಗೆ ತಮ್ಮ ಕೈಯಾರೆ ಹಾಕಿ ಮೈಕಿನಲ್ಲಿ ಹೇಳಿಸಿದರು: "ಅರ್ಧಕ್ಕ ಬಿಡಂಗಿಲ್ಲ, ಬೀರಪ್ಪನ ಆಣಿ."

ಭಂಡಾರ ಹಿಡಿದು ಆಡಿದ ಮಾತು ಅಂದರೆ ಏನು ಅಂತ ನಮ್ಮ ಮಂದಿಗೆ ಯಾರೂ ಓದಿ ಹೇಳಬೇಕಿಲ್ಲ. ಮಗಳ ಲಗ್ನದ ಮಾತು, ಹೊಲದ ಬದುವಿನ ಮಾತು, ಸಾಯುವವರಿಗೆ ಕೊಟ್ಟ ಮಾತು, ಇವಕ್ಕೆಲ್ಲ ಸ್ಟ್ಯಾಂಪ್ ಪೇಪರ್ ಅದೇ. ತಪ್ಪಿದರೆ ವಂಶಕ್ಕೆ ತಟ್ಟುತ್ತದೆ ಅಂತ ನಂಬಿದವರು. ಬಾಗಿಲು ತೆರೆದೇ ಇದೆ, ಬೇಕಾದಾಗ ಹೋಗಬಹುದು ಅಂತ ಕ್ಯಾಮರಾದ ಮುಂದೆ ಹೇಳಿ, ಕ್ಯಾಮರಾ ಮುಚ್ಚಿ ಹೊರಗಿನಿಂದ ಚಿಲಕ ಹಾಕಿದ ಹಾಗೆ ಇದು.

ಮಾವನ ಊಟ ಹೋಯಿತು. ಆಮೇಲೆ ನಡಿಗೆ ಹೋಯಿತು. ಆಮೇಲೊಂದು ದಿನ ಅವ್ವ ಫೋನು ಮಾಡಿ, ಅವನ ಕಣ್ಣು ನೋಡು ಬಾ ಅಂದಳು. ಹೋಗಿ ನೋಡಿದರೆ ಎರಡೂ ಕಣ್ಣು ಭಂಡಾರದ ಬಣ್ಣ.

"ಗುಳಗಿ ಬಿಡ ಮಾಮಾ."

"ಬಿಡಾಕ ಬರಂಗಿಲ್ಲ."

"ಸಾಯ್ತೀ!"

"ಸತ್ರ ನಾ ಸಾಯ್ತೇನಿ. ಮಾತ ತಪ್ಪಿದ್ರ ಹುಡುಗ್ರಿಗೆ ತಟ್ಟತೈತಿ."

ಗುಳಿಗೆಯ ಪಟ್ಟಿ ಕಸಿದುಕೊಂಡು ಹೊಳೆಗೆ ಎಸೆದೆ. ಮರುದಿನ ಅವನು ತಾನೇ ನಡುಗುತ್ತ ಹೋಗಿ ಆಸ್ಪತ್ರೆಯ ಹುಡುಗನಿಂದ ಇನ್ನೊಂದು ಪಟ್ಟಿ ತಂದ. ಡಾಕ್ಟರಿಗೆ ಫೋನು ಮಾಡಿದೆ. "ನೀರಿನಿಂದ ಬಂದ ಕಾಮಣಿ ಇರ್ತದೆ. ರಕ್ತದ ರಿಪೋರ್ಟ್ ಬರ್ಲಿ. ಅಲ್ಲೀತನಕ ಗುಳಿಗೆ ಬಿಡೋದು ಬೇಡ, ಮುಗಿಯೋಕೆ ಬಂದಿದೆ." ಮುಗಿಯಲು ಬಂದದ್ದು ಯಾವುದು ಅಂತ ಕೇಳುವ ಮೊದಲೇ ಫೋನು ಇಟ್ಟರು.

ವಕೀಲರ ಮನೆಗೆ ಓಡಿದೆ. ಅವರು ಉಣ್ಣುತ್ತಿದ್ದರು. ಹೇಳಿ ಮುಗಿಸುವಷ್ಟರಲ್ಲಿ ತಾಟು ಸರಿಸಿ ಎದ್ದರು. ಕೈ ತೊಳೆದಿದ್ದೂ ಇಲ್ಲ.

"ಒಬ್ಬರೂ ಪರೀಕ್ಷಾ ಬಿಟ್ಟ ಹೋಗಿಲ್ರಿ ಅಂತ ಹೋದ ಮೀಟಿಂಗಿನ್ಯಾಗ ಎದಿ ಉಬ್ಬಿಸಿ ಹೇಳಿದ. ನನಗ ಆವಾಗ ಸಂಶೆ ಬಂತ. ನಮ್ಮ ಮಂದಿ ಲಗ್ನದ ಪಂಕ್ತಿಯಾಗಿಂದ ಅರ್ಧಕ್ಕ ಎದ್ದ ಹೋಗೂ ಮಂದಿ. ಗುಳಗಿ ಒಬ್ರೂ ಬಿಟ್ಟಿಲ್ಲಂದ್ರ? ಸ್ಥಳೀಯ ಸಂಸ್ಕೃತಿಗೆ ಗೌರವ ಕೊಟ್ಟೇವಿ ಅಂದ. ಗೌರವ! ಭಂಡಾರ ಹಚ್ಚಿ ಮಂದೀನ ಕಟ್ಟಿ ಹಾಕ್ಯಾನ!"

ಮೊಪೆಡ್ ಹಿಂದೆ ನನ್ನನ್ನು ಕೂಡಿಸಿಕೊಂಡು ಅನಗವಾಡಿಗೆ ಹೊರಟರು. ಅಲ್ಲಿ ಅವರು ಮಾಡಿದ್ದು ತಪ್ಪು ಕೆಲಸ. ಕುರಿ ದಡ್ಡಿಯಲ್ಲಿ ಮಾವನ ಮುಂದೆ ಕೂತು ಕಾಯಿದೆಯ ಹಾಳೆ ತೆಗೆದು ಓದಲು ಶುರು ಮಾಡಿದರು. ಭಾಗವಹಿಸಿದವನು ಯಾವಾಗ ಬೇಕಾದರೂ ಬಿಡಬಹುದು, ಕಾರಣ ಹೇಳಬೇಕಿಲ್ಲ, ಬಿಟ್ಟನೆಂದು ಅವನ ಚಿಕಿತ್ಸೆಗೆ ಅಡ್ಡಿ ಮಾಡುವಂತಿಲ್ಲ. ಒಂದು ಟಗರು ಬಂದು ಹಾಳೆಯ ತುದಿ ಕಡಿಯಿತು. ವಕೀಲರು ಅದಕ್ಕೂ ಬೈದರು, "ನಿಂದು ಬ್ಯಾರೆ ಕಾಯದೆ ಐತಿ, ಸರಿಯಲೇ." ಮಾವ ಪೂರ್ತಿ ಕೇಳಿ ತಲೆ ಆಡಿಸಿದ.

"ಖರೆ ಐತ್ರಿ ಸಾಹೇಬ್ರ. ಆದ್ರ ಕಾಯದೆ ನಿಮ್ಮದು. ಭಂಡಾರ ಬೀರಪ್ಪಂದು."

ವಕೀಲರು ಹಾಳೆ ಮಡಚಿ ಜೇಬಿಗೆ ತುರುಕಿ ಎದ್ದರು. ದೇವರು ದಿಂಡರು ಅಂದರೆ ಮೂಗು ಮುರಿಯುವ ಮನುಷ್ಯ. ದಾರಿಯಲ್ಲಿ ನನಗೆ ಬೈದರು, ಮಾವನಿಗೆ ಬೈದರು, ಬೀರಪ್ಪನಿಗೂ ಬೈದರು. ಊರ ಅಗಸೆ ದಾಟುವಾಗ ಬ್ರೇಕ್ ಹಾಕಿ ಮೊಪೆಡ್ ತಿರುಗಿಸಿದರು.

"ಯಾಕ್ರಿ?"

"ಕೋರ್ಟ್ ತಪ್ಪಿ ವಾದ ಮಾಡೇನಿ ತಂಗಿ. ಇದರ ಜಜ್ಜ ಗುಡ್ಯಾಗ ಅದಾನ."

ಬೀರಪ್ಪನ ಪೂಜಾರಿ ಕಟ್ಟೆಯ ಮೇಲೆ ಉಣ್ಣೆ ನೂಲುತ್ತ ಕೂತಿದ್ದ. ವಕೀಲರು ಚಪ್ಪಲಿ ದೂರ ಬಿಟ್ಟು ಬಂದು ಕೆಳಗೆ ಕೂತರು. ದನಿ ಇಳಿಸಿ ಮಾತಾಡಿದರು. ಅವರು ಹಾಗೆ ಮಾತಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಪೂಜಾರೆಪ್ಪಾ, ಭಂಡಾರ ಹಿಡದ ಕೊಟ್ಟ ಮಾತು ಬಿಡೂ ದಾರಿ ಏನರೆ ಐತೇನ?"

"ಕೊಟ್ಟವಗ ಬಿಡಾಕ ಬರಂಗಿಲ್ರಿ."

"ಮತ್ತ?"

"ಮಾತ ಇಸ್ಕೊಂಡವ ಅದಾನಲ್ರಿ, ಅಂವ ಬಂದ ದೇವರ ಮುಂದ ಬರೇ ಕೈ ಒಡ್ಡಿ ಭಂಡಾರ ತಿರಗಿ ಇಸ್ಕೋಬೇಕು. 'ನಿನ್ನ ಮಾತು ನಿನಗ ಕೊಟ್ಟೆ' ಅನಬೇಕು. ಆವಾಗ ಕೊಟ್ಟವ ಹಗುರ. ಹಿರ್ಯಾರು ಹಂಗ ಮಾಡ್ಯಾರ, ಲಗ್ನದ ಮಾತು ಮುರಿಯೂ ಮುಂದ."

ವಕೀಲರು ಎದ್ದು ನಿಂತು ನನ್ನ ಕಡೆ ತಿರುಗಿದರು. ಮುಖ ಅರಳಿತ್ತು. "ನೋಡ ಬೇ! ಇವರ ಕಾಯದೆಯೊಳಗೂ ಬಿಡೂ ಕಲಮು ಐತಿ. ನಮ್ಮದಕ್ಕಿಂತ ಛಲೋ ಐತಿ. ನಮ್ಮದ್ರಾಗ ಬಿಡೂ ಭಾರ ಬಡವನ ಮ್ಯಾಲೆ. ಇವರದ್ರಾಗ ಬಿಡಸೂ ಭಾರ ದೊಡ್ಡವನ ಮ್ಯಾಲೆ."

ಆಸ್ಪತ್ರೆಯ ಕಮಿಟಿಯ ತುರ್ತು ಮೀಟಿಂಗ್ ಕರೆಸಿದರು. ತೊಂದರೆಯಾದವರ ಕಡೆಯಿಂದ ನನ್ನನ್ನು ಕರೆದಿದ್ದರು. ಬಾಗಿಲ ಬಳಿ ಒಂದು ಕುರ್ಚಿ ಕೊಟ್ಟರು. ನಾನು ಕಂಡದ್ದನ್ನೆಲ್ಲ ಹೇಳಿದೆ. ಕಣ್ಣಿನ ಬಣ್ಣ ಹೇಳಿದೆ. ಡಾಕ್ಟರು ಸಮಾಧಾನದಿಂದ ನಕ್ಕರು. ಆ ನಗು ನನಗೆ ಇವತ್ತಿಗೂ ಮೈ ಉರಿಸುತ್ತದೆ.

"ಬಿಡಬಹುದು ಅಂತ ಸ್ಪಷ್ಟವಾಗಿ ತಿಳಿಸಿದ್ದೇವೆ. ವಿಡಿಯೋ ಇದೆ. ಅವರು ಸ್ವಂತ ಇಚ್ಛೆಯಿಂದ ಮುಂದುವರಿದರೆ ನಾನೇನು ಮಾಡಲಿ?"

ವಕೀಲರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. "ವಿಡಿಯೋ ಮುಗದ ಮ್ಯಾಲೆ ಕೈಯಾಗ ಭಂಡಾರ ಹಾಕಿದವ್ರು ಯಾರ್ರಿ? ನಿಮ್ಮಪ್ಪ?"

ಅಧ್ಯಕ್ಷರು ಕೆಮ್ಮಿದರು. ಎಲ್ಲರಿಗೂ ಇನ್ನೊಮ್ಮೆ ನೋಟಿಸ್ ಕಳಿಸಿ, ಬಿಡಬಹುದು ಅಂತ ತಿಳಿಸೋಣ ಅಂದರು.

"ನೋಟಿಸ್ ನಾ ಓದಿ ಬಂದೇನಿ, ಟಗರ ತಿಂತು. ಪರೀಕ್ಷಾ ಇವತ್ತ ನಿಲ್ಲಬೇಕು. ಡಾಕ್ಟ್ರು ಗುಡಿಗೆ ಹೋಗಿ ಭಂಡಾರ ತಿರಗಿ ಇಸ್ಕೋಬೇಕು."

ಡಾಕ್ಟರ ನಗು ಹೋಯಿತು. "ನಾನು ವಿಜ್ಞಾನಿ. ಇಂಥ ಮೂಢನಂಬಿಕೆಗೆಲ್ಲ..."

"ಭಂಡಾರ ಕೊಡೂ ಮುಂದ ಮೂಢನಂಬಿಕಿ ಇರಲಿಲ್ಲೇನು? ಆವಾಗ ಸಂಸ್ಕೃತಿ ಆಗಿತ್ತು. ಇಸ್ಕೊಳ್ಳೂ ಮುಂದ ಮೂಢ ಆತು?"

ಓದಿದ ಜನ ಅಷ್ಟು ಮಂದಿ ಕೂತು ಗೋಡಂಬಿ ನೋಡುತ್ತಿದ್ದರು. ಸಾಮಾನ್ಯ ಜನರ ಕುರ್ಚಿಯಲ್ಲಿ ಕೂತವರೊಬ್ಬರು ಮೊಬೈಲ್ ನೋಡುತ್ತಿದ್ದರು. ವಕೀಲರು ಡಬ್ಬಿ ಮುಚ್ಚಿದರು. ನನ್ನ ಮುಂದೆಯೇ ದಾಟಿ ಹೊರಗೆ ಹೋದರು. ಫಟ್ ಫಟ್ ಅಂತ ಸದ್ದಾಯಿತು. ಅವತ್ತಿನ ಮೀಟಿಂಗಿನಲ್ಲಿ ಬೇರೆ ಡಾಕ್ಟರುಗಳ ಅರ್ಜಿಗಳೂ ಇದ್ದವು, ಎಲ್ಲ ನಿಂತವು. ಅಧ್ಯಕ್ಷರೇ ಎದ್ದು ಬಂದರು, ಬನ್ನಿ ಒಳಗೆ ಅಂದರು. ವಕೀಲರು ಚಪ್ಪಲಿ ಕೈಯಲ್ಲಿ ಹಿಡಿದೇ ಹೇಳಿದರು: "ಅಂವ ಹೂಂ ಅನ್ನೂ ತನಕ ನಾ ಒಳಗ ಒಲ್ಲೆ."

ಮಾವನ ಜೀವ ಉಳಿಸಿದ್ದು ವಿಜ್ಞಾನ ಅಲ್ಲ, ಕರುಣೆ ಅಲ್ಲ, ನಿಂತು ಹೋದ ಬೇರೆಯವರ ಅರ್ಜಿಗಳು. ಸಂಜೆಯ ಹೊತ್ತಿಗೆ ಆ ಅರ್ಜಿದಾರರೇ ಈ ಡಾಕ್ಟರ ಬೆನ್ನು ಹತ್ತಿ ಹೂಂ ಅನ್ನಿಸಿದರು. ಈ ಮಾತು ಬರೆದಿಟ್ಟುಕೊಳ್ಳಿ.

ಮರುದಿನ ಡಾಕ್ಟರು ಕಾರಿನಲ್ಲಿ ಬಂದರು. ಗುಡಿಯ ಮುಂದೆ ಜನ ಸಾಲಾಗಿ ನಿಂತಿದ್ದರು, ಮೊದಲು ನಮ್ಮ ಮಾವ, ಗೋಡೆ ಹಿಡಿದು. ಡಾಕ್ಟರು ಜೇಬಿನಿಂದ ರಬ್ಬರ್ ಕೈಗವಸು ತೆಗೆದು ಹಾಕಿಕೊಂಡರು.

"ಬರೇ ಕೈ ಅಂದೇನ್ರಿ" ಅಂದ ಪೂಜಾರಿ.

ಕೈಗವಸು ತೆಗೆದರು. ಮಾವ ಅವರ ಅಂಗೈಗೆ ಭಂಡಾರ ಸುರಿದ. ಡಾಕ್ಟರು ಎಲ್ಲೋ ನೋಡುತ್ತ ತುಟಿ ಅಲ್ಲಾಡಿಸಿದರು.

"ಕೇಳಸಲಿಲ್ಲ ಡಾಕ್ಟ್ರ" ಅಂದರು ವಕೀಲರು ಹಿಂದಿನಿಂದ. "ಮಾತ ಇಸ್ಕೊಳ್ಳೂ ಮುಂದ ಮೈಕ್ ಬೇಕಾಗಿತ್ತು. ತಿರಗಿ ಕೊಡೂ ಮುಂದ ಯಾಕ ದನಿ ಸಣ್ಣಾತು?"

"ನಿನ್ನ ಮಾತು ನಿನಗ ಕೊಟ್ಟೆ."

ಮಾವ ಅಲ್ಲೇ ಕುಸಿದು ಕೂತ. ಅವನನ್ನು ಎತ್ತುವಷ್ಟರಲ್ಲಿ ಸಾಲಿನಲ್ಲಿದ್ದ ಎರಡನೆಯವನು ಅಂದ, "ನನಗೂ ಭಾಳ ದಿನದಿಂದ ವಾಂತಿ ಐತ್ರಿ." ಅವನ ಹಿಂದಿನವನು, "ನನ್ನ ಹೊಟ್ಟಿ ಒಂದ ಸವನ ಉರಿಯಾಕತ್ತೈತಿ." ಇನ್ನೊಬ್ಬ ಕೆಳಗಿನ ರೆಪ್ಪೆ ಎಳೆದು ತನ್ನ ಕಣ್ಣು ತೋರಿಸಿದ. ಎಲ್ಲರೂ ಮುಚ್ಚಿಟ್ಟಿದ್ದರು. ನೋವು ಹೇಳಿದರೆ ಗುಳಿಗೆ ಬಿಡಿಸುತ್ತಾರೆ, ಬಿಟ್ಟರೆ ಆಣೆ ತಪ್ಪುತ್ತದೆ ಅಂತ. 'ಯಾರಿಗೂ ತೊಂದರೆ ಇಲ್ಲ' ಅಂತ ಡಾಕ್ಟರು ಪರದೆಯ ಮೇಲೆ ತೋರಿಸಿದ ಚಿತ್ರದ ಹಿಂದೆ ಈ ಸಾಲು ನಿಂತಿತ್ತು. ವಕೀಲರು ಆ ಸಾಲನ್ನೇ ನೋಡುತ್ತಿದ್ದರು. ಆ ದಿನ ಅವರು ಯಾರಿಗೂ ಮತ್ತೆ ಬೈಯಲಿಲ್ಲ. ಮಾವನನ್ನು ಡಾಕ್ಟರ ಕಾರಿನಲ್ಲೇ ಮಲಗಿಸಿದರು, ಹಿಂದಿನ ಸೀಟಿನಲ್ಲಿ ಅವನ ತಲೆ ತಮ್ಮ ತೊಡೆಯ ಮೇಲೆ ಇಟ್ಟುಕೊಂಡು. ಪರೀಕ್ಷೆಯಿಂದ ಆರೋಗ್ಯ ಕೆಟ್ಟರೆ ಚಿಕಿತ್ಸೆ ಕೊಡುವುದು ಪರೀಕ್ಷೆ ಮಾಡಿದವರ ಹೊಣೆ, ಕಾಯಿದೆ ಹಾಗೇ ಹೇಳುತ್ತದೆ. ಮೃದು ಸ್ವಭಾವ ಅಂದರಲ್ಲ, ನಾನು ಕಂಡದ್ದು ಅದೊಂದೇ ಸಲ. ಮುಂದಿನ ಸೀಟಿನಲ್ಲಿ ಕೂತಿದ್ದ ಡಾಕ್ಟರು ಅದನ್ನು ನೋಡಲೇ ಇಲ್ಲ.

ಮಾವ ಉಳಿದ. ಉಳಿದವರೂ ಉಳಿದರು. ಆದರೆ ಮಾವನ ಮೈ ಮೊದಲಿನ ಹಾಗೆ ಆಗಲಿಲ್ಲ. ಹಿಂಡಿನ ಹಿಂದೆ ಹೋಗಲು ಆಗುವುದಿಲ್ಲ, ಕುರಿ ಅವನ ಅಣ್ಣನ ಮಕ್ಕಳು ನೋಡುತ್ತಾರೆ. ಸಂಜೆ ಹಿಂಡು ಬರುವ ಹೊತ್ತಿಗೆ ಕಟ್ಟೆಗೆ ಬಂದು ಕೂತು, ಪ್ರತಿ ಕುರಿಯ ಹೆಸರು ಹಿಡಿದು ಕರೆಯುತ್ತಾನೆ. ಆಸ್ಪತ್ರೆಯವರು ಪರೀಕ್ಷೆ ನಿಂತದ್ದು 'ಆಡಳಿತಾತ್ಮಕ ಕಾರಣದಿಂದ' ಅಂದರು. ಕಾಮಣಿ ನೀರಿನದ್ದು ಅಂತಲೇ ಇವತ್ತಿಗೂ ಅನ್ನುತ್ತಾರೆ. ಅದೇ ಬಾವಿಯ ನೀರು ಕುಡಿದ ಹೆಂಗಸರು, ಹುಡುಗರು ಯಾರಿಗೂ ಬರಲಿಲ್ಲ, ಅದನ್ನು ಯಾರೂ ಕೇಳಲಿಲ್ಲ. ವಕೀಲರು ಕೇಳಿದರು, ಮೇಲಿನವರಿಗೆ ಮೇಲಿಂದ ಮೇಲೆ ಬರೆದರು. ಉತ್ತರ ಬರಲಿಲ್ಲ. ಅವಧಿ ಮುಗಿದ ಕೂಡಲೇ ಶಾಲು ಹೊದಿಸಿ ಕಮಿಟಿಯಿಂದ ಕಳಿಸಿಕೊಟ್ಟರು.

ಅವರು ಆ ಶಾಲು ಹೊದ್ದುಕೊಂಡೇ ನನ್ನ ಅಂಗಡಿಗೆ ಬಂದರು, ಮೊಪೆಡ್ ಬಾಗಿಲಿಗೆ ಅಡ್ಡ ಹಚ್ಚಿ. ಶಾಲು ತೆಗೆದು ಝೆರಾಕ್ಸ್ ಮಷೀನಿನ ಮೇಲೆ ಒಗೆದರು.

"ಇದಕ್ಕ ಹೊದಸ. ಧೂಳ ಕೂಡಂಗಿಲ್ಲ."

"ಮುಂದ ಏನ್ರಿ ಸಾಹೇಬ್ರ?"

"ಮುಂದ ನೀ. ಎಲ್ಲಾರಿಗೂ ಹೂಂ ಅನ್ನಾಕ ಬರತೈತಿ ತಂಗಿ, ಹುಟ್ಟಿದಾಗಿಂದ ಅದನ್ನ ಕಲಸ್ತಾರ. ಒಲ್ಲೆ ಅನ್ನೂದು ಕಲಸವ್ರು ಯಾರೂ ಇಲ್ಲ. ಅದನ್ನ ಕಲಸ."

ಹೋದ ತಿಂಗಳು ನಿದ್ದೆಯಲ್ಲೇ ಹೋದರು. ಶಾಲು ಇನ್ನೂ ಮಷೀನಿನ ಮೇಲಿದೆ.

ಹೋದ ವಾರದ ಆ ಶ್ರದ್ಧಾಂಜಲಿ ಸಭೆ ಮುಗಿಯಿತು. ಸಭೆ ನಡೆದ ಆಸ್ಪತ್ರೆಯ ಸಭಾಂಗಣದ ಹೊರಗೆ ಪಡಸಾಲೆಯಲ್ಲಿ ಚಹಾ ಇಟ್ಟಿದ್ದರು. ಒಳಗೆ ಡಾಕ್ಟರು ಫೋಟೋದ ಪಕ್ಕ ನಿಂತು ಯಾರ ಜೊತೆಗೋ ಮಾತಾಡುತ್ತಿದ್ದರು. ವಕೀಲರ ಕುರ್ಚಿಗೆ ಈಗ ಬಂದಿರುವವರು ಅವರ ಪಕ್ಕದಲ್ಲೇ ನಿಂತು ಎಲ್ಲದಕ್ಕೂ ತಲೆ ಆಡಿಸುತ್ತಿದ್ದರು. ನಾನು ಚಹಾ ಮುಟ್ಟಲಿಲ್ಲ. ಅಷ್ಟರಲ್ಲಿ ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡ ಹೊಸ ಹುಡುಗನೊಬ್ಬ ನಗುತ್ತ ಮಾವನ ಹತ್ತಿರ ಬಂದ. ಮಾವ ಯಾರು, ಅವನಿಗೆ ಏನಾಗಿತ್ತು, ಯಾವುದೂ ಆ ಹುಡುಗನಿಗೆ ಗೊತ್ತಿದ್ದಂತೆ ಕಾಣಲಿಲ್ಲ.

"ಕಾಕಾ, ನಮ್ಮದೊಂದು ಹೊಸಾ ಪರೀಕ್ಷಾ ನಡದೈತ್ರಿ. ಬರೇ ಒಂದೀಟ ರಕ್ತ ಕೊಡೂದು, ಒಂದ ಗುಳಗಿ ತಗೊಳ್ಳೂದು. ನಿಮ್ಮಂಥಾ ಹಿರ್ಯಾರು ಸೇರಿದ್ರ ಊರಿಗೆ ಛಲೋ ಆಕ್ಕೈತಿ."

ನನ್ನ ರಕ್ತ ತಲೆಗೇರಿತು. ಬಾಯಿ ತೆರೆದೆ. ಮಾವ ಮತ್ತೆ ನನ್ನ ಮೊಣಕೈ ಹಿಡಿದ. ಆ ಹುಡುಗ ಹೇಳಿದ್ದನ್ನೆಲ್ಲ ಕಡೆತನಕ ಕೇಳಿದ. ಅವಸರ ಮಾಡಲಿಲ್ಲ.

"ಒಲ್ಲೆ" ಅಂದ.

"ಯಾಕ ಕಾಕಾ? ಅಂಜಿಕಿ ಏನ್ರಿ?"

"ಯಾಕಂತ ನಾ ಹೇಳೂ ಕಾರಣ ಇಲ್ಲಪಾ. ಕಾಯದೆ ಐತಿ."

ಅಂದವನೇ ಬಾಗಿಲ ಕಡೆ ನಿಧಾನ ನಡೆದ. ಅಲ್ಲಿ ಬಿಟ್ಟಿದ್ದ ಚಪ್ಪಲಿಗಳನ್ನು ಬಗ್ಗಿ ಎತ್ತಿಕೊಂಡ. ಬಗ್ಗಲು ಅವನಿಗೆ ಈಗ ಬಹಳ ಕಷ್ಟ. ಕೈಯಲ್ಲಿ ಹಿಡಿದು ಒಂದಕ್ಕೊಂದು ಬಡಿದ, ಫಟ್ ಫಟ್ ಅಂತ. ಧೂಳೇನೂ ಇರಲಿಲ್ಲ.

ಒಳಗೆ ಮಾತಾಡುತ್ತಿದ್ದ ಡಾಕ್ಟರು ಗಕ್ಕನೆ ನಿಲ್ಲಿಸಿ ಬಾಗಿಲ ಕಡೆ ತಿರುಗಿದರು.